ಕಾಮಾಲೆ ಮೀಟರು ಮತ್ತು ಅಜ್ಜಿಯರ ಅರಿಶಿನ

ಎಳೆ ಮಗುವಿನ ಹಣೆಯ ಮೇಲೆ ಖಾಲಿ ಜಾಗ ಸಿಗುವುದು ಎಷ್ಟು ಕಷ್ಟ ಎಂಬುದನ್ನು ನಿಮಗೆ ಯಾವ ತರಗತಿಯಲ್ಲೂ ಹೇಳಿಕೊಡುವುದಿಲ್ಲ. ಕ್ಲಿನಿಕಲ್ ಟ್ರಯಲ್ ಕೆಲಸಕ್ಕೆ ಸೇರಬೇಕೆಂದು ಕೋರ್ಸು ಮುಗಿಸಿದ ಹುಡುಗ ಹುಡುಗಿಯರು ಆಗಾಗ ನನ್ನ ಹತ್ತಿರ ಬಂದು ಸಲಹೆ ಕೇಳುತ್ತಾರೆ. ಅವರಿಗೆ ಕಾನೂನು ಗೊತ್ತು, ಕಂಪ್ಯೂಟರು ಗೊತ್ತು, ಪ್ರತಿಯೊಂದಕ್ಕೂ ಮೂರಕ್ಷರದ ಇಂಗ್ಲಿಷ್ ಹೆಸರು ಗೊತ್ತು. ಮಗುವಿನ ಹಣೆಯ ವಿಷಯ ಮಾತ್ರ ಗೊತ್ತಿರುವುದಿಲ್ಲ. ಹೇಳಲು ಹೋದರೆ ಮುಗುಳ್ನಗುತ್ತಾರೆ, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಆದ್ದರಿಂದ ಬರೆದೇ ಇಡುತ್ತೇನೆ.

ನಾವು ಮಾಡುತ್ತಿದ್ದದ್ದು ಕಾಮಾಲೆ ಮೀಟರು. ಹುಟ್ಟಿದ ಮಗುವಿಗೆ ಮೊದಲ ವಾರದಲ್ಲಿ ಮೈ ಹಳದಿಯಾಗುವುದು ಸಾಮಾನ್ಯ. ಬಹಳ ಮಕ್ಕಳಿಗೆ ಅದು ತಾನಾಗಿಯೇ ಇಳಿಯುತ್ತದೆ. ಕೆಲವು ಮಕ್ಕಳಿಗೆ ಮಾತ್ರ ಏರುತ್ತಲೇ ಹೋಗಿ ಮಿದುಳಿಗೆ, ಕಿವಿಗೆ ಪೆಟ್ಟು ಕೊಡುತ್ತದೆ, ಕೆಲವೊಮ್ಮೆ ಜೀವಕ್ಕೇ ಕುತ್ತು ತರುತ್ತದೆ. ಎಷ್ಟು ಏರಿದೆಯೆಂದು ತಿಳಿಯಬೇಕಾದರೆ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆಯಬೇಕು. ನಮ್ಮ ಮೀಟರು ಒಂದು ಟಾರ್ಚಿನಷ್ಟು ದೊಡ್ಡದು. ಹಣೆಗೆ ಒತ್ತಿದರೆ ಬೆಳಕು ಬಿಟ್ಟು, ಚರ್ಮದಿಂದ ವಾಪಸ್ ಬಂದ ಬೆಳಕಿನಲ್ಲಿ ಹಳದಿ ಎಷ್ಟಿದೆ ಎಂದು ಅಳೆದು ಅಂಕಿ ತೋರಿಸುತ್ತಿತ್ತು. ಹೊರದೇಶದವರ ಇಂಥ ಮೀಟರು ಆಗಲೇ ಇತ್ತು, ಆದರೆ ಬಡ ದೇಶಗಳ ಆಸ್ಪತ್ರೆಗಳ ಕೈಗೆ ಎಟುಕುವಂತಿರಲಿಲ್ಲ. ಅಗ್ಗದ ಮೀಟರು ಮಾಡಿ ಮೊದಲು ಪೂರ್ವ ಆಫ್ರಿಕಾದಲ್ಲಿ ಮಾರುವುದು ನಮ್ಮ ಕಂಪನಿಯ ಆಸೆ. ‘ಸೂಜಿ ಬೇಡ, ಕಣ್ಣೀರು ಬೇಡ’ ಎಂಬ ಜಾಹೀರಾತಿನ ಮಾತು ಮೀಟರಿಗಿಂತ ಮೊದಲೇ ತಯಾರಾಗಿತ್ತು.

ಹಣೆ ಎಂದೆನಲ್ಲ. ನಮ್ಮ ಮಕ್ಕಳ ಹಣೆಯಲ್ಲಿ ರೂಪಾಯಿ ಅಗಲದ ಕಾಡಿಗೆ ಬೊಟ್ಟು. ಅದರ ಮೇಲೆ ಕುಲಾವಿ, ಕುಲಾವಿಯ ಮೇಲೆ ಟವೆಲ್ಲು. ದೃಷ್ಟಿ ಬೊಟ್ಟು ಒರೆಸಲು ಹೋದರೆ ಮನೆಮಂದಿಯೆಲ್ಲ ಜಗಳಕ್ಕೆ ಬರುತ್ತಾರೆ. ಬೊಟ್ಟನ್ನು ಕೆನ್ನೆಗೆ ಇಡಿ ಎಂದು ಒಂದೊಂದು ತಾಯಿಗೂ ಕೈಮುಗಿದು ಹೇಳಿ ಕಳಿಸಿದೆ. ಮುಂದಿನ ಸಲ ಬಂದಾಗ ಹಣೆಯಲ್ಲೊಂದು, ಕೆನ್ನೆಯಲ್ಲೊಂದು, ಎರಡೂ ಇಟ್ಟುಕೊಂಡು ಬಂದರು.

ನಾನು ಧಾರವಾಡದವಳು. ರಸಾಯನಶಾಸ್ತ್ರ ಓದಿ, ವಿಮಾ ಕಚೇರಿಯ ನೌಕರನನ್ನು ಮದುವೆಯಾಗಿ ಜೀವನ್ ಬಿಮಾ ನಗರಕ್ಕೆ ಬಂದೆ. ತೊಂಬತ್ತರ ದಶಕದ ನಡುವಿನಲ್ಲಿ ಇಂದಿರಾನಗರದ ಒಂದು ಮನೆಯನ್ನೇ ಕಾರ್ಖಾನೆ ಮಾಡಿಕೊಂಡಿದ್ದ ಈ ಕಂಪನಿಗೆ ಸೇರಿದೆ. ಅಡುಗೆಮನೆಯಲ್ಲಿ ಬೆಸುಗೆ, ಹಾಲಿನಲ್ಲಿ ಪ್ಯಾಕಿಂಗು, ಮೇಲಿನ ಮಲಗುವ ಕೋಣೆಯಲ್ಲಿ ನಮ್ಮ ಮಾಲೀಕರು ಜಯಸಿಂಹ. ಅವರು ಒಳ್ಳೆಯ ಮನುಷ್ಯ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಮನಸ್ಸು ಬರಲಿಕ್ಕಿಲ್ಲ. ಮೀಟರನ್ನು ರೂಪಿಸಿದವನು ಶಿವಾಜಿನಗರದ ಫಿರೋಜ್, ನಮ್ಮ ಎಂಜಿನಿಯರು. ಕೂಕ್ ಟೌನಿನ ಕಡೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಟ್ರಯಲ್ ನಡೆಸುವ ಜವಾಬ್ದಾರಿ ನನ್ನದು. ಅಲ್ಲಿನ ಹೆರಿಗೆ ವಾರ್ಡಿನ ಸಿಸ್ಟರ್ ಸ್ಟೆಲ್ಲಾ ನನ್ನ ಬಲಗೈ.

ಒಪ್ಪಿಗೆ ಪಡೆಯುವುದೆಂದರೆ ತಾಯಿಗೆ ಎಲ್ಲವನ್ನೂ ವಿವರಿಸಿ ಸಹಿ ಹಾಕಿಸಿಕೊಳ್ಳುವುದು ಎಂದು ನಿಮ್ಮ ಪುಸ್ತಕದಲ್ಲಿರುತ್ತದೆ. ವಾರ್ಡಿಗೆ ಹೋಗಿ ನೋಡಿ. ತಾಯಿ ಅತ್ತೆಯ ಮುಖ ನೋಡುತ್ತಾಳೆ, ಅತ್ತೆ ಮಗನ ಮುಖ ನೋಡುತ್ತಾಳೆ, ಮಗ ಎದುರಿನ ಫೋನ್ ಬೂತಿಗೆ ಹೋಗಿ ಕೋಲಾರದ ಸೋದರಮಾವನನ್ನು ಕೇಳಿ ಬರುತ್ತಾನೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಬಟ್ಟೆ ಅಂಗಡಿಯಿದ್ದ ಒಬ್ಬ ತಂದೆ ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ಕೊನೆಯಲ್ಲಿ, “ಮಿಷಿನ್ ಒಳ್ಳೇದಾ ಮೇಡಂ?” ಎಂದ.

“ಅದನ್ನೇ ನೋಡ್ತಾ ಇದ್ದೀವಿ.”

“ಹಾಗಾದ್ರೆ ನೋಡಿ ಆದ್ಮೇಲೆ ಬನ್ನಿ. ಒಳ್ಳೇದಿದ್ರೆ ನನ್ನ ಮಗೂಗೆ ಇಡುವಂತೆ.”

ಇದಕ್ಕೆ ಏನು ಉತ್ತರ ಕೊಡುವುದು? ನಿಮಗೆ ತಿಳಿದರೆ ಹೇಳಿ.

ಹೊರದೇಶಕ್ಕೆ ಸಾಮಾನು ಕಳಿಸುವ ಕಷ್ಟ ಬೇರೆಯದು. ನೈರೋಬಿಯಲ್ಲಿ ನಮ್ಮ ಮೀಟರನ್ನು ಮಾರಲು ಒಪ್ಪಿಕೊಂಡಿದ್ದವರು ಮಿಸೆಸ್ ವಂಜೀರು ಎಂಬ ಹೆಂಗಸು, ಮೊದಲು ನರ್ಸಾಗಿದ್ದು ಆಮೇಲೆ ವ್ಯಾಪಾರಕ್ಕೆ ಇಳಿದವರು. ಅವರಿಗೆ ಕಳಿಸಬೇಕಾದ ಮಾದರಿ ಮೀಟರುಗಳು ಪ್ಯಾಕಾಗಿ ಕೂತಿದ್ದಾಗಲೇ ಆಯುಧಪೂಜೆ ಬಂತು. ಪ್ಯಾಕಿಂಗಿನ ಹುಡುಗಿಯರು ಡಬ್ಬಗಳಿಗೆ ಹೂವು ಮುಡಿಸಿ ಕುಂಕುಮ ಇಟ್ಟರು. ಅಷ್ಟಕ್ಕೇ ಬಿಡಬಾರದೇ? ಡಬ್ಬಕ್ಕೆ ಮಾಡಿದ ಪೂಜೆ ಒಳಗಿರುವ ಯಂತ್ರಕ್ಕೆ ಮುಟ್ಟುತ್ತದೋ ಇಲ್ಲವೋ ಎಂಬ ಅನುಮಾನ ಯಾರಿಗೋ ಬಂದು, ಒಂದೊಂದನ್ನೂ ಬಿಚ್ಚಿ, ಮೀಟರಿನ ತುದಿಯ ಗಾಜಿಗೇ ಬೊಟ್ಟಿಟ್ಟು ವಾಪಸ್ ಮುಚ್ಚಿದರು. ನೈರೋಬಿಯಿಂದ ಫ್ಯಾಕ್ಸು ಬಂತು: ಗಾಜಿನ ಮೇಲಿರುವ ಕೆಂಪು ಪುಡಿಯನ್ನು ಬಳಸುವಾಗ ಹಾಗೇ ಇರಿಸಬೇಕೋ, ಒರೆಸಬೇಕೋ?

ಜಯಸಿಂಹ ಫ್ಯಾಕ್ಸನ್ನು ಹಿಡಿದುಕೊಂಡು ಕೆಳಗಿಳಿದು ಬಂದರು. ಆಯುಧಪೂಜೆಯ ದಿನ ಬಾಗಿಲಲ್ಲಿ ನಿಂತು ಬೂದುಗುಂಬಳ ಒಡೆದವರು ಅವರೇ, ಹಾಗಾಗಿ ಹುಡುಗಿಯರನ್ನು ಬೈಯಲು ಬಾಯಿ ಬರಲಿಲ್ಲ. “ದೇಸಾಯಿ ಮೇಡಂ, ನೀವೇ ಏನಾದ್ರೂ ಬರೆದುಬಿಡಿ,” ಎಂದು ನನ್ನ ಮೇಜಿನ ಮೇಲೆ ಹಾಕಿ ಹೋದರು. ಕಷ್ಟದ್ದನ್ನೆಲ್ಲ ನನ್ನ ಮೇಜಿಗೆ ಹಾಕಿ ಹೋಗುವುದು ಅವರ ಹಳೆಯ ಚಾಳಿ. ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ಮಿಸೆಸ್ ವಂಜೀರು ಅದನ್ನು ಓದಿ ಬಹಳ ನಕ್ಕರೆಂದು ಆಮೇಲೆ ತಿಳಿಯಿತು. ಆ ಹೆಂಗಸಿನ ಮೇಲೆ ನನಗೆ ಆಗಲೇ ಗೌರವ ಬಂತು.

ಟ್ರಯಲ್ ಹೀಗಿತ್ತು. ಮಗು ಆಸ್ಪತ್ರೆಯಲ್ಲಿದ್ದಾಗ ಮೀಟರಿನಲ್ಲಿ ಒಮ್ಮೆ ಅಳೆದು, ಕೂಡಲೇ ರಕ್ತವನ್ನೂ ಪರೀಕ್ಷೆಗೆ ಕಳಿಸುವುದು. ಮನೆಗೆ ಹೋದವರು ಕೆಲವು ದಿನ ಬಿಟ್ಟು ತೋರಿಸಲು ಬಂದಾಗ ಇನ್ನೊಮ್ಮೆ ಎರಡನ್ನೂ ಮಾಡುವುದು. ಮೀಟರಿನ ಅಂಕಿಯೂ ರಕ್ತದ ಅಂಕಿಯೂ ಹತ್ತಿರ ಹತ್ತಿರ ಬಂದರೆ ಮೀಟರು ಪಾಸು. ಆಸ್ಪತ್ರೆಯಲ್ಲಿದ್ದಾಗ ಮೀಟರು ಚೆನ್ನಾಗಿಯೇ ಪಾಸಾಗುತ್ತಿತ್ತು. ಮನೆಗೆ ಹೋಗಿ ಬಂದ ಮಕ್ಕಳಲ್ಲಿ ಮಾತ್ರ ಅಂಕಿ ಮೇಲಕ್ಕೆ ಹಾರುತ್ತಿತ್ತು, ರಕ್ತ ನೋಡಿದರೆ ಏನೂ ಇರುತ್ತಿರಲಿಲ್ಲ.

ನಮಗೆ ತಲೆ ಕೆಟ್ಟುಹೋಯಿತು. ಜಯಸಿಂಹ ದಿನಕ್ಕೊಂದು ಕಾರಣ ಹೇಳಿದರು. ಒಂದು ದಿನ ಕರೆಂಟು ಸರಿಯಿಲ್ಲ, ಇನ್ನೊಂದು ದಿನ ಸ್ಟೆಲ್ಲಾ ಗಟ್ಟಿಯಾಗಿ ಒತ್ತುತ್ತಾಳೆ, ಮತ್ತೊಂದು ದಿನ ಆಸ್ಪತ್ರೆಯ ಕಿಟಕಿಯ ಬಿಸಿಲು. ಫಿರೋಜ್ ಮೀಟರನ್ನು ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ ಸುಸ್ತಾದ. “ಲೈಟು ಸರಿ ಇದೆ ಮೇಡಂ, ಫಿಲ್ಟರು ಸರಿ ಇದೆ. ಮಿಷಿನ್ದು ತಪ್ಪಿಲ್ಲ, ನನ್ನ ಮಾತು ನಂಬಿ,” ಎನ್ನುತ್ತಿದ್ದ. ಸ್ಟೆಲ್ಲಾ ನನ್ನ ಮೇಲೆ ಮುನಿಸಿಕೊಂಡಳು. “ಇಷ್ಟು ವರ್ಷ ಮಕ್ಕಳನ್ನ ಎತ್ತಿ ಆಡಿಸಿದ್ದೀನಿ, ನನಗೆ ಒತ್ತಕ್ಕೆ ಬರಲ್ವಾ ಮಾ? ನಿಮ್ಮ ಸಾರ್‌ನ ಬಂದು ಒತ್ತಕ್ಕೆ ಹೇಳಿ.”

ಹಲಸೂರಿನ ಒಂದು ಮಗು ತೋರಿಸಲು ಬರಲೇ ಇಲ್ಲ. ಕರೆತರೋಣವೆಂದು ಒಂದು ಬೆಳಿಗ್ಗೆ ನಾನೇ ಅವರ ಮನೆಗೆ ಹೋದೆ. ಹಿತ್ತಲ ಬಚ್ಚಲಲ್ಲಿ ಮಗುವಿಗೆ ನೀರು ಹಾಕುತ್ತಿದ್ದರು. ನೀರು ಹಾಕುವಾಕೆ ಕಾಲು ಚಾಚಿ ಕೂತು, ಮಗುವನ್ನು ಕಣಕಾಲಿನ ಮೇಲೆ ಮಲಗಿಸಿಕೊಂಡು, ಹಾಲಿನ ಕೆನೆಯಲ್ಲಿ ಕಲಸಿದ ಅರಿಶಿನವನ್ನು ಹಣೆಯಿಂದ ಹಿಮ್ಮಡಿಯವರೆಗೆ ತಿಕ್ಕುತ್ತಿದ್ದಳು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ನನಗೂ ಹೀಗೇ ತಿಕ್ಕಿ ಬೆಳೆಸಿದ್ದರು. ನನ್ನ ಮಗಳಿಗೆ ನಾನೇ ತಿಕ್ಕಿದ್ದೆ. ಹಳದಿ ಅಳೆಯುವ ಯಂತ್ರ ಮಾಡಲು ಹೊರಟ ನಮ್ಮಲ್ಲಿ ಒಬ್ಬರಿಗೂ ತಿಂಗಳುಗಟ್ಟಲೆ ಇದು ಹೊಳೆಯಲಿಲ್ಲವಲ್ಲ ಎಂದು ನನಗೆ ಅಳು ಬಂದಂತಾಯಿತು.

ಆಫೀಸಿಗೆ ಬಂದು ಹೇಳಿದರೆ ಫಿರೋಜ್ ಬೆಸುಗೆ ಕಡ್ಡಿ ಕೆಳಗಿಟ್ಟ. “ಅರೆ, ನಮ್ಮ ಮನೇಲೂ ಹಚ್ತಾರಲ್ಲ ಮೇಡಂ. ಹೋದ ತಿಂಗಳು ತಂಗಿ ಮಗೂಗೆ ಹಚ್ಚಿ ಎಲ್ಲ ಹಳದಿ ಮಾಡಿಟ್ಟಿದ್ರು. ನಾನೇ ಎತ್ಕೊಂಡು ಶರ್ಟ್ ಹಾಳು ಮಾಡ್ಕೊಂಡೆ.” ಮೀಟರು ಪಾಪ ಸರಿಯಾಗಿಯೇ ಹೇಳುತ್ತಿತ್ತು, ಮಗು ಹಳದಿಯಾಗಿದೆ ಎಂದು.

ಅರಿಶಿನ ಹಚ್ಚಬೇಡಿ ಎಂದು ಹೇಳಿ ಕಳಿಸತೊಡಗಿದೆವು. ಎಲ್ಲ ಅಜ್ಜಿಯರೂ ಒಪ್ಪಿದರು. ಅಜ್ಜಿಯರು ಒಪ್ಪುವುದು ಬಹಳ ಸುಲಭ. ಮತ್ತೆ ಬಂದಾಗ ಮಗು ಹೊಂಬಣ್ಣ. ಕೇಳಿದರೆ, “ಶುಕ್ರವಾರ ಅಲ್ವೇನಮ್ಮ, ಒಂಚೂರು ಸವರಿದ್ವಿ ಅಷ್ಟೆ.” ಸೋಪು ಹಾಕಿ ತೊಳೆದರೂ ಎಣ್ಣೆಯ ಜೊತೆ ಇಳಿದ ಅರಿಶಿನ ಒಂದೇ ದಿನಕ್ಕೆ ಹೋಗುತ್ತಿರಲಿಲ್ಲ.

ನಾನು ಹೇಳಿದ್ದು ಇಷ್ಟೇ: ಮೀಟರು ಜಾಸ್ತಿ ತೋರಿಸಿದರೆ ರಕ್ತ ನೋಡೋಣ, ಅರಿಶಿನವಾದರೆ ಅರಿಶಿನ, ಕಾಮಾಲೆಯಾದರೆ ಕಾಮಾಲೆ, ಬಳಸುವವರಿಗೂ ಹಾಗೇ ಹೇಳೋಣ. ಜಯಸಿಂಹ ಒಪ್ಪಲಿಲ್ಲ. ಸೂಜಿ ಬೇಡ ಎಂದು ಅಚ್ಚು ಹಾಕಿಸಿಯಾಗಿದೆ, ಈಗ ಅರ್ಧ ಮಕ್ಕಳಿಗೆ ಸೂಜಿ ಚುಚ್ಚಿ ಎಂದರೆ ನಮ್ಮ ಮೀಟರನ್ನು ಯಾರು ಕೊಳ್ಳುತ್ತಾರೆ ಎಂಬುದು ಅವರ ಚಿಂತೆ. ಅದೂ ಅಲ್ಲದೆ ನೈರೋಬಿಯ ಸರ್ಕಾರಕ್ಕೆ ಟ್ರಯಲ್ಲಿನ ಕಾಗದಪತ್ರ ಕಳಿಸುವ ದಿನ ಹತ್ತಿರ ಬರುತ್ತಿತ್ತು. ಅವರೊಂದು ಉಪಾಯ ಹುಡುಕಿದರು.

“ಮನೇಲಿ ಸ್ನಾನ ಆಗಿದೆಯಾ ಅಂತ ಕೇಳಿ. ಆಗಿದ್ದು, ಮೀಟರ್ ಜಾಸ್ತಿ ತೋರಿಸಿದ್ರೆ ಅದು ಅರಿಶಿನ ಅಂತಲೇ. ಲೆಕ್ಕಕ್ಕೆ ತಗೋಬೇಡಿ, ರಕ್ತಾನೂ ತೆಗೀಬೇಡಿ. ಎರಡು ದಿನ ಬಿಟ್ಟು ಬನ್ನಿ ಅಂತ ಕಳಿಸಿಬಿಡಿ.”

ಸಿಟ್ಟು ಬಂದರೆ ನನ್ನ ಬಾಯಿಗೆ ಧಾರವಾಡ ಬರುತ್ತದೆ. “ಅದು ಅರಿಶಿಣ ಅಂತ ಹೆಂಗ ಗೊತ್ತಾಗ್ತದರಿ, ರಕ್ತ ನೋಡ್ಲಿಲ್ಲಂದ್ರ?”

“ಕಾಮನ್ ಸೆನ್ಸ್ ಮೇಡಂ. ಇಲ್ಲೀವರೆಗೂ ಮನೆಯಿಂದ ಬಂದ ಮಕ್ಕಳಲ್ಲಿ ಒಂದಕ್ಕಾದ್ರೂ ನಿಜವಾದ ಕಾಮಾಲೆ ಜೋರಾಗಿತ್ತಾ?”

“ಇರಲಿಲ್ಲ.”

“ಮತ್ತೆ?”

ಆಸ್ಪತ್ರೆಯ ಮಕ್ಕಳ ಡಾಕ್ಟರರನ್ನು ಕೇಳಿದರೆ ಅವರು ಬೇರೆ ಮಗುವನ್ನು ನೋಡುತ್ತಲೇ ತಲೆಯಾಡಿಸಿದರು. ಒಪ್ಪಿಗೆಯ ತಲೆಯೋ, ಆಮೇಲೆ ನೋಡೋಣ ಎಂಬ ತಲೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಜಯಸಿಂಹರಿಗೆ ಅಷ್ಟೇ ಸಾಕಾಯಿತು. ಅಲ್ಲಿಗೂ ನಿಲ್ಲದೆ, ಇದೇ ಉಪಾಯವನ್ನು ಹೊರದೇಶಕ್ಕೆ ಹೋಗುವ ಮೀಟರಿನ ಹೊಟ್ಟೆಯೊಳಗೇ ಹಾಕಬೇಕೆಂದು ಫಿರೋಜನಿಗೆ ಹೇಳಿದರು. ಅಂಕಿ ಒಂದು ಮಟ್ಟ ದಾಟಿದರೆ ಮೀಟರು ಅಂಕಿಯನ್ನೇ ತೋರಿಸದೆ ಒಂದು ಸಾಲು ತೋರಿಸಬೇಕು: ಚರ್ಮ ಒರೆಸಿ, ನಾಳೆ ಮತ್ತೆ ಅಳೆಯಿರಿ.

“ಅಲ್ಲೆ ಅರಿಶಿಣ ಯಾರು ಹಚ್ತಾರ್ರಿ?” ಎಂದೆ.

“ಏನಾದ್ರೂ ಹಚ್ಚೇ ಹಚ್ತಾರೆ ಮೇಡಂ. ಎಲ್ಲ ದೇಶದಲ್ಲೂ ಅಜ್ಜೀರು ಇರ್ತಾರೆ.”

ಹಲಸೂರಿನ ಬಚ್ಚಲಿನ ಒಂದು ಪದ್ಧತಿಗಾಗಿ ಮಾಡಿದ ನಿಯಮ, ಅರಿಶಿನವನ್ನೇ ಕಾಣದ ಊರಿನ ಮಗುವನ್ನು ನಾಳೆ ಬಾ ಎಂದು ಕಳಿಸುತ್ತದೆ. ನಿಜವಾದ ಕಾಮಾಲೆ ನಾಳೆಯವರೆಗೆ ಕಾಯುವುದಿಲ್ಲ. ಇದನ್ನು ಎಷ್ಟು ಬಗೆಯಲ್ಲಿ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಫಿರೋಜ್ ನನ್ನ ಮುಖ ನೋಡದೆ ಆ ಸಾಲನ್ನು ಸೇರಿಸಿದ. ಅವನಿಗೂ ಕೆಲಸ ಬೇಕಿತ್ತು.

ಪಿಳ್ಳಮ್ಮ ನಮ್ಮ ಟ್ರಯಲ್ಲಿಗೆ ಬಂದದ್ದು ಈ ಹೊತ್ತಿನಲ್ಲೇ. ಕೆ.ಆರ್. ಪುರದ ಹಳೆಯ ಒಕ್ಕಲು ಮನೆಯವರು. ರಾಗಿ ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾಗಿ, ಬಾಡಿಗೆ ಮನೆಗಳಾಗಿ, ಕೈಯಲ್ಲಿ ನಾಲ್ಕು ಕಾಸಿತ್ತು. ಮಗಳು ಶೋಭಾಳ ಚೊಚ್ಚಲ ಹೆರಿಗೆ. ಆಕೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಬೋಳು ಹಣೆಯಲ್ಲಿ, ಬರಿಗೈಯಲ್ಲಿ ಕೂತಿದ್ದರು. “ನಮ್ಮ ಯಜಮಾನ್ರು ತೀರ್ಕೊಂಡ ವಾರದಲ್ಲೇ ಇವನು ಬಂದವ್ನೆ. ನಗಬೇಕೋ ಅಳಬೇಕೋ ಒಂದೂ ತಿಳೀದಮ್ಮ,” ಎಂದರು. ನಾನು ಮೀಟರಿನ ವಿಷಯ ಹೇಳಿದೆ. ಯಾರ ಮುಖವನ್ನೂ ನೋಡದೆ, ಯಾರಿಗೂ ಫೋನ್ ಮಾಡದೆ, ಆಕೆ ಮಗಳಿಗೆ ಹೇಳಿದರು: “ಹಾಕು ಸಹಿ. ನಮ್ಮ ಮಗೀನಿಂದ ಇನ್ನೊಂದು ಮಗೀಗೆ ಒಳ್ಳೇದಾಗೋದಾದ್ರೆ ಆಗ್ಲಿ.” ಟ್ರಯಲ್ ಎಂದರೇನು ಎಂದು ಅಷ್ಟು ಸರಿಯಾಗಿ ನನಗೇ ಹೇಳಲು ಬರುತ್ತಿರಲಿಲ್ಲ.

ಅವರು ಮನೆಗೆ ಹೋದರು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಸ್ಟೆಲ್ಲಾ ದಿನದ ವರದಿ ಹೇಳಲು ಎಂದಿನಂತೆ ಆಫೀಸಿಗೆ ಫೋನ್ ಮಾಡಿದಳು. ಯಾರು ಬಂದರು, ಯಾರು ಬರಲಿಲ್ಲ ಎಂದೆಲ್ಲ ಹೇಳಿ, ಕೊನೆಗೆ, “ಆ ಕೆ.ಆರ್. ಪುರಂ ಪಾಟಿಯ ಮೊಮ್ಮಗ ಬಂದಿದ್ದ ಮೇಡಂ. ಅವನದ್ದು ತುಂಬಾ ಜಾಸ್ತಿ. ಸ್ನಾನ ಆಯ್ತಾ ಅಂತ ಕೇಳಿದೆ, ಆಯ್ತು ಅಂದ್ರು. ಅರಿಶಿನ ಅಂತ ಬರೆದು ನಾಡಿದ್ದು ಬನ್ನಿ ಅಂದೆ,” ಎಂದಳು.

ಸರಿ ಎಂದು ಫೋನ್ ಇಡಲು ಹೊರಟ ನನ್ನ ಕೈ ನಿಂತಿತು. ಆ ಅಜ್ಜಿಯ ಬೋಳು ಹಣೆ ಕಣ್ಣ ಮುಂದೆ ಬಂತು. ಗಂಡ ಸತ್ತು ಇನ್ನೂ ತಿಥಿಯಾಗದ ಮನೆ ಅದು. ಸೂತಕದ ಮನೆಯಲ್ಲಿ ಅರಿಶಿನ ಕುಂಕುಮದ ಬಟ್ಟಲನ್ನು ಯಾರೂ ಮುಟ್ಟುವುದಿಲ್ಲ. ಮಗುವಿಗೆ ಬರೀ ನೀರು ಹಾಕಿರುತ್ತಾರೆ. ಹಾಗಾದರೆ ಮೀಟರಿಗೆ ಕಂಡ ಹಳದಿ ಯಾವುದು?

ಮೇಲೆ ಹೋಗಿ ಜಯಸಿಂಹರಿಗೆ ಹೇಳಿದೆ. ಅವರು ನೈರೋಬಿಯ ಕಾಗದಗಳ ನಡುವೆ ಮುಳುಗಿದ್ದರು. “ನಾಡಿದ್ದು ಬರ್ತಾರಲ್ಲ ಮೇಡಂ,” ಎಂದರು. ನಾನು ಕೆಳಗಿಳಿದು, “ಫಿರೋಜ್, ಸ್ಕೂಟರ್ ತೆಗಿ,” ಎಂದೆ. ಹಳೇ ಮದ್ರಾಸ್ ರಸ್ತೆಯ ಲಾರಿಗಳ ನಡುವೆ ನುಗ್ಗಿಕೊಂಡು ಕೆ.ಆರ್. ಪುರ ತಲುಪುವ ಹೊತ್ತಿಗೆ ರೈಲ್ವೆ ಗೇಟು ಬಿದ್ದಿತ್ತು. ತೂಗು ಸೇತುವೆ ಇನ್ನೂ ಮುಗಿದಿರಲಿಲ್ಲ, ಗೇಟು ಬಿದ್ದರೆ ಊರೇ ನಿಲ್ಲುತ್ತಿತ್ತು. ಗೂಡ್ಸ್ ಗಾಡಿ ಹೋಗುತ್ತಲೇ ಇತ್ತು. ನನ್ನ ಜೀವನದಲ್ಲಿ ನಾನು ರೈಲಿಗೆ ಅಷ್ಟು ಶಾಪ ಹಾಕಿದ್ದು ಆವತ್ತೊಂದೇ ದಿನ.

ಪಿಳ್ಳಮ್ಮನ ಮನೆಯ ಮುಂದೆ ಸಾವಿಗೆ ಹಾಕಿದ್ದ ಶಾಮಿಯಾನ ಹಾಗೇ ಇತ್ತು. ನೆಂಟರಲ್ಲಿ ಹಿರಿಯರು ಇಬ್ಬರು ಕುರ್ಚಿಯಲ್ಲಿ ಕೂತಿದ್ದರು. ಒಳಗೆ ಶೋಭಾಳ ಪಕ್ಕದಲ್ಲಿ ಮಗು ಮಲಗಿತ್ತು.

“ಅಮ್ಮಾ, ಮಗೂಗ ಅರಿಶಿಣ ಹಚ್ಚೀರೇನು?” ಎಂದೆ.

ಪಿಳ್ಳಮ್ಮನಿಗೆ ಕೋಪ ಬಂತು. “ಸೂತಕದ ಮನೇಲಿ ಯಾರಾದ್ರೂ ಅರಿಶಿನ ಮುಟ್ತಾರೇನಮ್ಮ? ಯಾವ ಊರವಳು ನೀನು?”

“ಹಾಲು ಕುಡೀತಾ ಇದೆಯಾ?”

“ಬಲು ಒಳ್ಳೆ ಮಗ. ಹಟಾನೇ ಇಲ್ಲ. ನೆನ್ನೆಯಿಂದ ಅಳ್ಳೂ ಇಲ್ಲ, ಹಾಲೂ ಕೇಳಲಿಲ್ಲ. ಮಲಗೇ ಇದೆ.”

ಮಗುವಿನ ಅಂಗಾಲು ಒತ್ತಿ ನೋಡಿದೆ, ಅಲ್ಲಿಯೂ ಹಳದಿ. “ಅಮ್ಮಾ, ಇದು ಒಳ್ಳೇತನ ಅಲ್ಲ. ಕಾಮಾಲೆ ತಲೆಗೆ ಏರ್ತಾ ಇದೆ. ಈಗಲೇ ಹೊರಡಬೇಕು,” ಎಂದೆ. ಹೊರಗಿದ್ದ ಹಿರಿಯರು, ತಿಥಿಯಾಗುವವರೆಗೆ ಕೂಸನ್ನು ಹೊಸಿಲು ದಾಟಿಸಬಾರದು, ಬೆಳಿಗ್ಗೆ ದಾಟಿಸಿದ್ದೇ ತಪ್ಪು ಎಂದು ಶುರುಮಾಡಿದರು. ಪಿಳ್ಳಮ್ಮ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಅವರ ನಡುವೆಯೇ ನಡೆದುಬಂದರು. “ನಮ್ಮ ಯಜಮಾನ್ರ ಹೆಸರು ಹೇಳ್ಕೊಂಡೇ ಹೋಗ್ತೀನಿ, ಬಿಡ್ರಪ್ಪ. ಏನಾದ್ರೂ ಕೇಳೋದಿದ್ರೆ ಅವರೇ ನನ್ನ ಕೇಳ್ಲಿ,” ಎಂದು ಮನೆಯ ವ್ಯಾನು ಹತ್ತಿದರು.

ರಕ್ತದ ಅಂಕಿ ನೋಡಿದ ಡಾಕ್ಟರು ಈ ಸಲ ತಲೆಯಾಡಿಸಲಿಲ್ಲ, ಓಡಿದರು. ಮಗುವಿನ ಮೈಯ ರಕ್ತವನ್ನೇ ಬದಲಾಯಿಸಬೇಕಾಯಿತು. ಸ್ಟೆಲ್ಲಾ ಒಂದು ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಅವಳದೇನು ತಪ್ಪು? ಕೇಳು ಎಂದದ್ದನ್ನು ಕೇಳಿದ್ದಳು, ಕಳಿಸು ಎಂದಂತೆ ಕಳಿಸಿದ್ದಳು. ಮಗು ಉಳಿಯಿತು.

ಮಾರನೆಯ ದಿನ ಆಫೀಸಿನಲ್ಲಿ ಜಯಸಿಂಹ ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. “ಸದ್ಯ, ದೇವರು ದೊಡ್ಡವನು. ನೋಡಿದ್ರಾ ಮೇಡಂ, ನಮ್ಮ ಮೀಟರ್ ಹಿಡೀತು. ಇದನ್ನ ಬ್ರೋಷರಲ್ಲಿ ಹಾಕಬಹುದು.”

“ಮೀಟರ್ ಹಿಡದಿತ್ರಿ. ಬಿಟ್ಟವರು ನಾವು,” ಎಂದೆ.

ಆಸ್ಪತ್ರೆಯಲ್ಲಿ ಆವತ್ತಿನಿಂದಲೇ ಎಲ್ಲ ಮಕ್ಕಳ ರಕ್ತ ನೋಡುವುದು ಮತ್ತೆ ಶುರುವಾಯಿತು, ಡಾಕ್ಟರು ಬೇರೆ ಮಾತಿಗೇ ಅವಕಾಶ ಕೊಡಲಿಲ್ಲ. ಆದರೆ ಹೊರದೇಶದ ಮೀಟರಿನೊಳಗಿನ ಆ ಸಾಲನ್ನು ತೆಗೆಯಲು ಜಯಸಿಂಹ ಒಪ್ಪಲಿಲ್ಲ. ಬೇಕಾದರೆ ‘ನಾಳೆ’ ಎನ್ನುವ ಬದಲು ‘ಸಂಜೆ’ ಎಂದು ಹಾಕೋಣ ಎಂದರು. ತರಕಾರಿ ಚೌಕಾಸಿ ಮಾಡಿದ ಹಾಗೆ. ಆ ಸಾಲು ಇರುವವರೆಗೆ ನೈರೋಬಿಯ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ ಎಂದೆ. ಅವರು ನನ್ನನ್ನು ಟ್ರಯಲ್ಲಿನಿಂದ ತೆಗೆದು, ಮೀಟರಿನ ಜೊತೆ ಕೊಡುವ ಬಳಕೆಯ ಪುಸ್ತಿಕೆ ಬರೆಯಲು ಕೂರಿಸಿದರು. ಬ್ಯಾಟರಿ ಹೇಗೆ ಹಾಕಬೇಕು ಎಂದು ಬರೆಯುತ್ತ ತಿಂಗಳುಗಳನ್ನು ಕಳೆದೆ. ಗಂಡ, ಬಿಟ್ಟುಬಿಡು ಎಂದರು. ಟ್ರಯಲ್ ಶುರುಮಾಡಿದವಳು ಆಫೀಸಿನಲ್ಲಿರುವಾಗ ಬೇರೆಯವರ ಸಹಿ ನಡೆಯುತ್ತಿರಲಿಲ್ಲ, ನಾನು ಬಿಟ್ಟರೆ ಇನ್ಯಾರಾದರೂ ಬಂದು ಸಹಿ ಹಾಕಿಬಿಡುತ್ತಾರೆ ಎಂಬ ಒಂದೇ ಹಟಕ್ಕೆ ಕೂತಿದ್ದೆ.

ಒಂದು ದಿನ ಜಯಸಿಂಹ ಕ್ಯಾಮೆರಾ ನೇತುಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದರು. ಪಿಳ್ಳಮ್ಮನ ಮೊಮ್ಮಗ ಆವತ್ತು ತಪಾಸಣೆಗೆ ಬರುವನೆಂದು ಅವರಿಗೆ ಯಾರೋ ಹೇಳಿದ್ದರು. ನಮ್ಮ ಮೀಟರು ಉಳಿಸಿದ ಮಗುವಿನ ನಗುವ ಫೋಟೋ ಬ್ರೋಷರಿನ ಮುಖಪುಟಕ್ಕೆ ಬೇಕಿತ್ತು. ಮನೆಯವರು ನನ್ನ ಮಾತು ಕೇಳುತ್ತಾರೆಂದು ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡರು.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಬೆಳಕು ಚೆನ್ನಾಗಿತ್ತು. ಪಿಳ್ಳಮ್ಮ ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡರು. ದುಂಡು ದುಂಡಗೆ ಚೆನ್ನಾಗಿದ್ದ ಹುಡುಗ, ಅಜ್ಜಿಯ ಕೈಯ ಬೀಗದ ಕೈಗೊಂಚಲು ಹಿಡಿದು ಆಡುತ್ತಿದ್ದ. ಜಯಸಿಂಹ ಕ್ಯಾಮೆರಾ ಕಣ್ಣಿಗೆ ಹಿಡಿದು, “ಏ ಪುಟ್ಟಾ, ಇಲ್ನೋಡು,” ಎಂದರು. ಹುಡುಗ ನೋಡಲಿಲ್ಲ. ಚಿಟಿಕೆ ಹೊಡೆದರು. ಬಾಯಲ್ಲಿ ಹಕ್ಕಿಯ ಹಾಗೆ ಸದ್ದು ಮಾಡಿದರು. ಹತ್ತಿರ ಹೋಗಿ, ಬೆನ್ನ ಹಿಂದೆ ನಿಂತು, ಎರಡೂ ಕೈ ತಟ್ಟಿದರು. ಮರದ ಮೇಲಿದ್ದ ಕಾಗೆಗಳು ಎದ್ದು ಹಾರಿದವು. ಹುಡುಗ ಬೀಗದ ಕೈಗಳನ್ನು ಬಾಯಿಗೆ ಹಾಕಿಕೊಂಡ.

“ಹಂಗೇ ಸಾಮಿ ಅವನು,” ಎಂದರು ಪಿಳ್ಳಮ್ಮ. “ಆಟಕ್ಕೆ ಬಿದ್ರೆ ಯಾರು ಕೂಗಿದ್ರೂ ಕಿವಿ ಮೇಲೆ ಹಾಕ್ಕೊಳಲ್ಲ. ಇನ್ನೊಂದ್ಸಲ ಕರೀರಿ.”

ಜಯಸಿಂಹ ಇನ್ನೊಂದು ಸಲ ಕರೆಯಲಿಲ್ಲ. ಕ್ಯಾಮೆರಾ ಇಳಿಸಿ ನನ್ನ ಕಡೆ ನೋಡಿದರು. ನಾನು ಮುಖ ತಿರುಗಿಸಿಕೊಂಡೆ. ಕಿವಿ ಪರೀಕ್ಷೆ ಮಾಡಿದ ಡಾಕ್ಟರು ಮಧ್ಯಾಹ್ನ ನಮ್ಮ ಅನುಮಾನವನ್ನೇ ಖಚಿತಪಡಿಸಿದರು. ಪಿಳ್ಳಮ್ಮ ಕೇಳಿಸಿಕೊಂಡು ಬಹಳ ಹೊತ್ತು ಮಗುವಿನ ತಲೆ ಸವರುತ್ತ ಕೂತರು. ಆಮೇಲೆ, “ಮಾತು?” ಎಂದು ಒಂದೇ ಒಂದು ಪ್ರಶ್ನೆ ಕೇಳಿದರು.

ಆಫೀಸಿಗೆ ಬಂದವರೇ ಜಯಸಿಂಹ ಮೇಲಕ್ಕೆ ಹೋಗದೆ ಅಡುಗೆಮನೆಗೆ ಹೋಗಿ ಫಿರೋಜನ ಪಕ್ಕ ನಿಂತರು. ಮೀಟರಿನಿಂದ ಆ ಸಾಲು ಹೋಗುವವರೆಗೆ ಅಲ್ಲಿಂದ ಕದಲಲಿಲ್ಲ. ಅದರ ಜಾಗದಲ್ಲಿ ಬಂದದ್ದು ಕೂಡಲೇ ರಕ್ತ ಪರೀಕ್ಷೆ ಮಾಡಿಸಿ ಎಂಬ ಸಾಲು, ಜೊತೆಗೆ ಅಂಕಿಯೂ. ಎಲ್ಲವನ್ನೂ ಮತ್ತೆ ಮಾಡಬೇಕಾದ್ದರಿಂದ ನೈರೋಬಿಯ ಆ ವರ್ಷದ ಸರ್ಕಾರಿ ಟೆಂಡರು ಬೇರೆಯವರ ಪಾಲಾಯಿತು. ಅಲ್ಲಿನ ಮಕ್ಕಳ ಚರ್ಮದ ಮೇಲೆ ಅಲ್ಲಿಯೇ ಬೇರೆ ಟ್ರಯಲ್ ಆಗಬೇಕೆಂದು ನಾನು ಹಟ ಹಿಡಿದೆ, ಈ ಸಲ ಯಾರೂ ಎದುರಾಡಲಿಲ್ಲ. ‘ಸೂಜಿ ಬೇಡ’ ಎಂದು ಅಚ್ಚಾಗಿದ್ದ ಬ್ರೋಷರುಗಳನ್ನು ರದ್ದಿಗೆ ಹಾಕಿದೆವು.

ಕೊನೆಗೂ ಮೀಟರು ನೈರೋಬಿಯ ಆಸ್ಪತ್ರೆಗಳಿಗೆ ಹೋಯಿತು. ಸ್ವಲ್ಪ ಕಾಲದಲ್ಲೇ ಮಿಸೆಸ್ ವಂಜೀರು ಅವರ ಫೋನು ಬಂತು. ನಾನು ಜಯಸಿಂಹರ ಕೋಣೆಯಲ್ಲೇ ಇದ್ದೆ. ನರ್ಸುಗಳು ಗೊಣಗುತ್ತಿದ್ದಾರಂತೆ. ಮೀಟರು ಮಾತೆತ್ತಿದರೆ ರಕ್ತ ತೆಗೆಯಿರಿ ಎನ್ನುತ್ತದೆ, ತೆಗೆದು ನೋಡಿದರೆ ಬಹಳ ಮಕ್ಕಳಿಗೆ ಏನೂ ಇರುವುದಿಲ್ಲ. ತಾಯಂದಿರು ಬೈಯುತ್ತಾರೆ. ಆ ಮಟ್ಟವನ್ನು ಸ್ವಲ್ಪ ಮೇಲಕ್ಕೆ ಏರಿಸಿಕೊಡಿ, ಎಲ್ಲರಿಗೂ ಅನುಕೂಲ, ಇನ್ನೂ ಹೆಚ್ಚು ಮೀಟರು ಮಾರುತ್ತೇನೆ ಎಂದರು. ನ್ಯಾಯವಾದ ಮಾತೇ.

“ಆಗುವುದಿಲ್ಲ,” ಎಂದರು ಜಯಸಿಂಹ.

ಮಿಸೆಸ್ ವಂಜೀರು ಕಾರಣ ಕೇಳಿದರು. ಜಯಸಿಂಹ ರಿಸೀವರನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿ ನಿಂತರು.

ನಾನು ಹೇಳಿದೆ: “ಇಲ್ಲಿ ಕೆ.ಆರ್. ಪುರ ಅಂತ ಒಂದು ಊರಿದೆ. ಅಲ್ಲಿ ಒಬ್ಬ ಹುಡುಗನಿಗೆ ಅವನ ಅಜ್ಜಿ ಕರೆದದ್ದು ಕೇಳಿಸುವುದಿಲ್ಲ.”